ದೊಡ್ಡ ಹರಳು ದೊರೆಗೆ

ರಾಮಳ್ಳಕೋಟದ ಚೌಕದಲ್ಲಿ ಒಂದು ದೊಡ್ಡ ಮರ. ದಿನಾ ಬೆಳಿಗ್ಗೆ ಅದರ ಬುಡದಲ್ಲಿ ಹತ್ತರಿಂದ ಹದಿನಾರು ವರ್ಷದೊಳಗಿನ ಹುಡುಗರು ಬಂದು ಕೂರುತ್ತಿದ್ದರು. ಎಲ್ಲರೂ ವಜ್ರದ ವ್ಯಾಪಾರಿಗಳ ಮಕ್ಕಳು. ಒಬ್ಬೊಬ್ಬನ ಸೊಂಟದ ಒಂದು ಮಗ್ಗುಲಲ್ಲಿ ತೂಕದ ಬಟ್ಟುಗಳ ಚೀಲ, ಇನ್ನೊಂದು ಮಗ್ಗುಲಲ್ಲಿ ಐನೂರೋ ಆರುನೂರೋ ವರಹ ತುಂಬಿದ ಥೈಲಿ. ಯಾರಾದರೂ ಕಲ್ಲು ಮಾರಲು ಬಂದರೆ ಅದು ಮೊದಲು ಗುಂಪಿನ ಹಿರಿಯ ಹುಡುಗನ ಕೈಗೆ ಹೋಗಬೇಕು. ಅವನು ನೋಡಿ ಪಕ್ಕದವನಿಗೆ ದಾಟಿಸುತ್ತಾನೆ, ಅವನು ಮತ್ತೊಬ್ಬನಿಗೆ. ಸುತ್ತು ಮುಗಿದು ಕಲ್ಲು ಹಿರಿಯವನ ಕೈಗೆ ವಾಪಸಾಗುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಆಮೇಲೆ ಅವನು ಬೆಲೆ ಕೇಳುತ್ತಾನೆ. ಹೆಚ್ಚಿಗೆ ಕೊಟ್ಟು ಕೊಂಡರೆ ನಷ್ಟ ಅವನ ತಲೆಗೇ. ಸಂಜೆ ದಿನದ ಖರೀದಿಯನ್ನೆಲ್ಲ ಒಟ್ಟುಹಾಕಿ, ನೀರು (ಅಂದರೆ ಕಲ್ಲಿನ ಕಾಂತಿ), ತೂಕ, ಸ್ವಚ್ಛತೆ ನೋಡಿ ವಿಂಗಡಿಸಿ, ದೊಡ್ಡ ವರ್ತಕರಿಗೆ ಮಾರುತ್ತಿದ್ದರು. ಲಾಭದಲ್ಲಿ ಎಲ್ಲರಿಗೂ ಸಮಪಾಲು. ಹಿರಿಯವನಿಗೆ ಮಾತ್ರ ನೂರಕ್ಕೆ ಕಾಲು ಭಾಗ ಜಾಸ್ತಿ.

ಇದನ್ನು ಕಣ್ಣಾರೆ ಕಂಡು ಬರೆದವನು ಫ್ರಾನ್ಸಿನ ರತ್ನವ್ಯಾಪಾರಿ ಜ್ಯಾಂ ಬ್ಯಾಪ್ಟಿಸ್ಟ್ ಟ್ಯಾವರ್ನಿಯರ್. 1640ರ ದಶಕದಲ್ಲಿ ಅವನು ಇಲ್ಲಿಗೆ ಬಂದಿದ್ದ. ಪ್ರವಾಸಕಥನ ಪ್ಯಾರಿಸ್ಸಿನಲ್ಲಿ ಅಚ್ಚಾದದ್ದು 1676ರಲ್ಲಿ. ಅದರಲ್ಲಿ ಊರಿನ ಹೆಸರು ‘ರಾವ್ಲಕೊಂಡ’. ಗೋಲ್ಕೊಂಡದಿಂದ ಐದು ದಿನದ ದಾರಿ, ಬಿಜಾಪುರದಿಂದ ಎಂಟೊಂಬತ್ತು ದಿನ, ಬಿಜಾಪುರದ ಸುಲ್ತಾನನ ಆಳ್ವಿಕೆಗೆ ಸೇರಿದ ಕರ್ನಾಟಿಕ ಪ್ರಾಂತ್ಯದಲ್ಲಿದೆ ಎಂದು ಅವನು ಬರೆದಿದ್ದಾನೆ. ಅದು ಕರ್ನೂಲಿನ ದಕ್ಷಿಣಕ್ಕಿರುವ ರಾಮಳ್ಳಕೋಟ ಎಂದು ಗುರುತಿಸಿದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ದುಡಿದಿದ್ದ ವ್ಯಾಲಂಟೈನ್ ಬಾಲ್. 1889ರಲ್ಲಿ ಟ್ಯಾವರ್ನಿಯರನ ಪುಸ್ತಕವನ್ನು ಇಂಗ್ಲಿಷಿಗೆ ತಂದವನೂ ಅವನೇ.

ಜಗತ್ತು ‘ಗೋಲ್ಕೊಂಡದ ವಜ್ರ’ ಎಂದು ಕೊಂಡಾಡುವ ಕಲ್ಲುಗಳಲ್ಲಿ ಒಂದೂ ಗೋಲ್ಕೊಂಡದ ಕೋಟೆಗುಡ್ಡದಲ್ಲಿ ಹುಟ್ಟಿದ್ದಲ್ಲ. ಅಲ್ಲಿದ್ದದ್ದು ಪೇಟೆ ಮತ್ತು ಖಜಾನೆ. ಕಲ್ಲು ಸಿಗುತ್ತಿದ್ದದ್ದು ಕೃಷ್ಣಾ, ತುಂಗಭದ್ರಾ, ಪೆನ್ನಾ ನದಿಗಳ ನಡುವಿನ ಮತ್ತು ಆಚೀಚಿನ ಬಿರುಬಿಸಿಲ ಸೀಮೆಯಲ್ಲಿ: ವಜ್ರಕರೂರು, ಜೊನ್ನಗಿರಿ, ರಾಮಳ್ಳಕೋಟ, ಬನಗಾನಪಲ್ಲೆ, ಕಡಪದ ಹತ್ತಿರದ ಚೆನ್ನೂರು, ಕೃಷ್ಣಾ ದಂಡೆಯ ಕೊಲ್ಲೂರು, ಪರಿಟಾಲ. 1677ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಒಂದು ವರದಿ ಗೋಲ್ಕೊಂಡ ರಾಜ್ಯದಲ್ಲಿ 23 ಗಣಿಗಳನ್ನೂ ಬಿಜಾಪುರ ರಾಜ್ಯದಲ್ಲಿ 15 ಗಣಿಗಳನ್ನೂ ಲೆಕ್ಕ ಹಾಕುತ್ತದೆ. ಅಂದರೆ ಐದರಲ್ಲಿ ಎರಡು ಪಾಲು ಗಣಿಗಳು ಬಿಜಾಪುರವನ್ನು ಆಳುತ್ತಿದ್ದ ಆದಿಲ್‌ಶಾಹಿಗಳವು. ಹೆಸರು ಮಾತ್ರ ಪೂರ್ತಿಯಾಗಿ ಗೋಲ್ಕೊಂಡಕ್ಕೆ ಹೋಯಿತು. ಬಿಜಾಪುರದವರು ಗೋಲಗುಮ್ಮಟ ಕಟ್ಟಿ ಹೆಸರು ಪಡೆದರು, ಇರಲಿ.

1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಜಗತ್ತಿಗೆ ವಜ್ರ ಬರುತ್ತಿದ್ದದ್ದು ಭಾರತದಿಂದ. ಬೋರ್ನಿಯೋ ದ್ವೀಪದಿಂದ ಒಂದಿಷ್ಟು ಬರುತ್ತಿತ್ತು, ಅಷ್ಟೆ. ಎರಡು ಸಾವಿರ ವರ್ಷದಷ್ಟು ಹಳೆಯ ಈ ವ್ಯಾಪಾರದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಕಿರೀಟಗಳಲ್ಲ, ಒಂದು ಕಟ್ಟಳೆ. ರಾಜ್ಯಗಳು ಬದಲಾದವು, ಭಾಷೆ ಬದಲಾಯಿತು, ದೇವರು ಬದಲಾದರು. ಇಂತಿಷ್ಟು ತೂಕ ಮೀರಿದ ಹರಳು ದೊರೆಗೆ ಸೇರಬೇಕೆಂಬ ಕಟ್ಟಳೆ ಮಾತ್ರ ಕದಲಲಿಲ್ಲ. ಗಣಿಯಲ್ಲಿ ನಡೆದ ಕಳ್ಳತನ, ಕಾವಲು, ಗುಟ್ಟಿನ ವ್ಯಾಪಾರ ಎಲ್ಲಕ್ಕೂ ಅರ್ಥ ಬರುವುದು ಇದನ್ನು ಮುಂದಿಟ್ಟುಕೊಂಡು ನೋಡಿದಾಗ.

ಅದಕ್ಕೂ ಮೊದಲು ನೆಲದ ಸಂಗತಿ. ವಜ್ರ ಹುಟ್ಟುವುದು ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಇಂಗಾಲ ಅಪಾರ ಒತ್ತಡಕ್ಕೆ ಸಿಕ್ಕಾಗ. ಅದನ್ನು ಮೇಲಕ್ಕೆ ಹೊತ್ತು ತರುವುದು ಕಿಂಬರ್ಲೈಟ್ ಎಂಬ ಶಿಲಾರಸ. ಆ ರಸ ನೆಲವನ್ನು ಸೀಳಿ ಬಂದ ಜಾಗ ಕೊಳವೆಯಾಕಾರದಲ್ಲಿ ಗಟ್ಟಿಯಾಗುತ್ತದೆ. ವಜ್ರಕರೂರಿನ ಸುತ್ತ ಇಂಥ ಕೊಳವೆಗಳಿವೆ. ವಯಸ್ಸು ಸುಮಾರು 110 ಕೋಟಿ ವರ್ಷ. ಮೇಲಿನ ಕಲ್ಲು ಸವೆದು ಹರಳುಗಳು ಹೊಳೆಯ ಪಾಲಾದವು, ಜಲ್ಲಿಯ ಜೊತೆ ಸೇರಿ ಬನಗಾನಪಲ್ಲೆಯ ಬಂಡೆಪದರಗಳಲ್ಲಿ ಹುದುಗಿದವು, ಆ ಬಂಡೆಯೂ ಸವೆದಾಗ ಮತ್ತೆ ಕೃಷ್ಣೆಯ ಮರಳಿಗೆ ಬಂದವು. ಹಾಗಾಗಿ ಒಂದು ಕಡೆ ಬಂಡೆ ಒಡೆಯಬೇಕು, ಇನ್ನೊಂದು ಕಡೆ ಮಣ್ಣು ತೊಳೆಯಬೇಕು, ಮತ್ತೊಂದು ಕಡೆ ಮಳೆ ಬಿದ್ದ ಮಾರನೆಯ ದಿನ ಹೊಲದಲ್ಲಿ ಬಗ್ಗಿ ನಡೆದರೆ ಸಾಕು. ನಮ್ಮ ರಾಯಚೂರು ಕಡೆಗೂ ಕಿಂಬರ್ಲೈಟ್ ಸಿಕ್ಕಿದೆ. ಅದರಲ್ಲಿ ಹೇಳಿಕೊಳ್ಳುವಂಥ ವಜ್ರವಿಲ್ಲ.

ವಜ್ರದ ನಾಡಿಗೆ ಹೋಗದವರೇ ಅದರ ಬಗ್ಗೆ ಹೆಚ್ಚು ಬರೆದದ್ದು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ, ಕಾಕತೀಯರ ಮೋಟುಪಲ್ಲಿ ಬಂದರಿನ ನಾಡನ್ನು ವರ್ಣಿಸುತ್ತ, ಹಾವುಗಳು ತುಂಬಿದ ಕಣಿವೆಗೆ ಮಾಂಸದ ತುಂಡು ಎಸೆಯುವ ಕಥೆ ಹೇಳುತ್ತಾನೆ. ಮಾಂಸಕ್ಕೆ ವಜ್ರ ಅಂಟಿಕೊಳ್ಳುತ್ತದೆ, ಹದ್ದು ಅದನ್ನು ಕಚ್ಚಿ ಮೇಲೆ ತರುತ್ತದೆ, ಜನ ಹದ್ದನ್ನು ಓಡಿಸಿ ವಜ್ರ ಆರಿಸುತ್ತಾರೆ. ನೂರಿಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ವಿಜಯನಗರಕ್ಕೆ ಬಂದ ನಿಕೊಲೊ ಕೊಂಟಿಯೂ, ಅಲ್ಲಿಂದ ಉತ್ತರಕ್ಕೆ ಹದಿನೈದು ದಿನದ ದಾರಿಯ ಬೆಟ್ಟವೊಂದರ ಬಗ್ಗೆ ಇದೇ ಕಥೆ ಒಪ್ಪಿಸುತ್ತಾನೆ. ಕಟ್ಟುಕಥೆಯೆಂದು ನಕ್ಕು ಮುಂದೆ ಹೋಗಬಹುದಿತ್ತು. ಬಾಲ್ ಮಾತ್ರ ಇದಕ್ಕೊಂದು ವಿವರಣೆ ಕೊಟ್ಟ: ಹೊಸ ಗಣಿ ತೆರೆಯುವಾಗ ಕೋಣ, ದನ ಬಲಿ ಕೊಡುವ ರೂಢಿಯಿತ್ತು, ಬಲಿಯ ಮಾಂಸಕ್ಕೆ ಹದ್ದುಗಳು ಎರಗುತ್ತಿದ್ದವು, ದೂರದಿಂದ ಅದನ್ನು ಕಂಡವರು ಉಳಿದದ್ದನ್ನು ಹೆಣೆದರು. ಊರಮ್ಮನ ಜಾತ್ರೆ ನೋಡಿ ಬೆಳೆದವರಿಗೆ ಈ ವಿವರಣೆ ಸಹಜವಾಗಿಯೇ ಕಾಣುತ್ತದೆ. ಜೊತೆಗೆ ಪೋಲೊ ಹೇಳಿದ ಇನ್ನೊಂದು ಮಾತು ಅಪ್ಪಟ ನಿಜ: ಮಳೆಗಾಲದ ಪ್ರವಾಹ ಇಳಿದ ಮೇಲೆ ಜನ ಹಳ್ಳಗಳಲ್ಲಿ ವಜ್ರ ಹುಡುಕುತ್ತಾರೆ.

ಕಟ್ಟಳೆ ಸ್ಪಷ್ಟವಾಗಿ ಕಾಣಿಸುವುದು ವಿಜಯನಗರದ ಕಾಲಕ್ಕೆ. ಅಚ್ಯುತರಾಯನ ಆಳ್ವಿಕೆಯಲ್ಲಿ ಇಲ್ಲಿದ್ದ ಪೋರ್ಚುಗೀಸ್ ನ್ಯೂನಿಜ್ ಸಾಮ್ರಾಜ್ಯದ ನಾಯಕರ ಪಟ್ಟಿ ಕೊಡುವಾಗ ವಜ್ರದ ಸೀಮೆಯ ನಾಯಕನ ಕರಾರನ್ನೂ ಹೇಳಿದ್ದಾನೆ. ವರ್ಷಕ್ಕೆ 40,000 ಹೊನ್ನಿನ ಪರ್ದಾವ್ ಅರಸನಿಗೆ ಕಟ್ಟಬೇಕು. ಜೊತೆಗೆ 20 ಮಂಗೆಲಿನ್ ಮೀರಿದ ಪ್ರತಿಯೊಂದು ಹರಳನ್ನೂ ಅರಸನ ಭಂಡಾರಕ್ಕೆ ಒಪ್ಪಿಸಬೇಕು. ಮಂಗೆಲಿನ್ ಎನ್ನುವುದು ಮಂಜಾಡಿ ಬೀಜದ ತೂಕ. ಊರಿಂದೂರಿಗೆ ಅಷ್ಟಿಷ್ಟು ಬದಲಾಗುತ್ತಿತ್ತು, ಹೆಚ್ಚುಕಮ್ಮಿ ಒಂದೂಕಾಲು ಕ್ಯಾರೆಟ್ ಎಂದಿಟ್ಟುಕೊಳ್ಳಬಹುದು. 1563ರಲ್ಲಿ ಗೋವೆಯಲ್ಲಿ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಒರ್ತಾ ಇದೇ ಮಿತಿಯನ್ನು 30 ಮಂಗೆಲಿನ್ ಎನ್ನುತ್ತಾನೆ. ಅಂಥ ಕಲ್ಲನ್ನು ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದವನ ಆಸ್ತಿಯೆಲ್ಲ ಮುಟ್ಟುಗೋಲು. ವಿಜಯನಗರದಲ್ಲಿ ಸಣ್ಣ ಕೋಳಿಮೊಟ್ಟೆಯಷ್ಟು ದೊಡ್ಡ ವಜ್ರ ಕಂಡಿದ್ದೇನೆಂದು ಒಬ್ಬ ಒರ್ತಾಗೆ ಹೇಳಿದ್ದನಂತೆ.

1565ರ ತಾಳಿಕೋಟೆಯ ಯುದ್ಧ ಮುಗಿದ ಮೇಲೆ ಕೋಳಿಮೊಟ್ಟೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅರಸನ ಕುದುರೆಯ ತಲೆಯ ತುರಾಯಿಗೆ ಕೂರಿಸಿದ್ದ ಅಂಥದೊಂದು ವಜ್ರ ಆದಿಲ್‌ಶಾಹನ ಕೈಸೇರಿತೆಂದು ಪೋರ್ಚುಗೀಸ್ ಇತಿಹಾಸಕಾರ ಕೌಟೊ ಬರೆದಿದ್ದಾನೆ. ಇಬ್ಬರೂ ಹೇಳುವುದು ಒಂದೇ ಕಲ್ಲನ್ನೋ ಬೇರೆಯದನ್ನೋ, ಜಗಳಕ್ಕೆ ಹೋಗುವುದು ಬೇಡ. ಗಣಿಗಳಂತೂ ಕೈ ಬದಲಾಯಿಸಿದವು. ಅದೋನಿ, ಕರ್ನೂಲು ಕಡೆಯ ನಾಡು ಕ್ರಮೇಣ ಬಿಜಾಪುರಕ್ಕೂ, ಕೃಷ್ಣೆಯ ಕೆಳದಂಡೆಯ ನಾಡು ಗೋಲ್ಕೊಂಡದ ಕುತುಬ್‌ಶಾಹಿಗಳಿಗೂ ಹೋಯಿತು.

ಟ್ಯಾವರ್ನಿಯರ್ ರಾಮಳ್ಳಕೋಟಕ್ಕೆ ಬಂದಾಗ ಗಣಿ ತೆರೆದು ಇನ್ನೂರು ವರ್ಷವಾಗಿದೆಯೆಂದು ಅಲ್ಲಿನವರು ಹೇಳಿದ್ದರು. ಸುತ್ತ ಮರಳುನೆಲ, ಬಂಡೆ, ಕುರುಚಲು. ಬಂಡೆಯಲ್ಲಿ ಅರ್ಧ ಬೆರಳಿನಿಂದ ಒಂದು ಬೆರಳಗಲದ ಸೀಳುಗಳು. ತುದಿ ಕೊಕ್ಕೆಯಾಗಿರುವ ಕಬ್ಬಿಣದ ಸಲಾಕೆಯನ್ನು ಸೀಳಿಗೆ ಇಳಿಸಿ, ಒಳಗಿನ ಮರಳನ್ನೋ ಮಣ್ಣನ್ನೋ ಕೆರೆದು ಪಾತ್ರೆಗೆ ತುಂಬಿಕೊಳ್ಳುತ್ತಿದ್ದರು. ವಜ್ರ ಸಿಗುತ್ತಿದ್ದದ್ದು ಆ ಮಣ್ಣಿನಲ್ಲಿ. ಸೀಳು ನೆಟ್ಟಗೆ ಹೋಗುವುದಿಲ್ಲ. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆಗ ದೊಡ್ಡ ಹಾರೆಯಿಂದ ಬಂಡೆಯನ್ನೇ ಒಡೆಯಬೇಕು. ಆ ಏಟಿನಲ್ಲಿ ಹರಳಿಗೂ ಬಿರುಕು ಬೀಳುತ್ತಿತ್ತು. ಈ ಗಣಿಯ ಎಷ್ಟೋ ಕಲ್ಲುಗಳಲ್ಲಿ ಬಿರುಕಿರುವುದಕ್ಕೆ ಇದೇ ಕಾರಣವೆಂದು ಅವನು ಗುರುತಿಸಿದ್ದಾನೆ. ಬಿರುಕನ್ನು ಮುಚ್ಚುವ ಜಾಣತನ ಊರಿನ ಸಾಣೆಯವರಲ್ಲಿತ್ತು. ಕಲ್ಲು ಶುದ್ಧವಾಗಿದ್ದರೆ ತೂಕ ಕಳೆಯಬಾರದೆಂದು ಚಕ್ರಕ್ಕೆ ಮುಟ್ಟಿಸಿ ಬಿಡುವುದು. ಕಳಂಕವಿದ್ದರೆ ಮುಖದ ಮೇಲೆ ಮುಖ ಕೊರೆದು ಅದನ್ನು ಮರೆಸುವುದು. ಮುಖ ಜಾಸ್ತಿಯಿದ್ದ ಕಲ್ಲನ್ನು ಅನುಮಾನದಿಂದ ನೋಡಬೇಕಾದ ಪೇಟೆ ಅದು. ಕಲ್ಲಿನ ನೀರು ಪರೀಕ್ಷಿಸುವುದಕ್ಕೂ ಹಗಲು ಸಾಲದು. ರಾತ್ರಿ ಗೋಡೆಯ ಗೂಡಿನಲ್ಲಿ ದೀಪವಿಟ್ಟು, ಆ ಬೆಳಕಿಗೆ ಹರಳನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತಿದ್ದರು.

ಲೆಕ್ಕಾಚಾರ ಹೀಗೆ. ಗಣಿ ಅಗೆಸುವ ವರ್ತಕ ಐವತ್ತು ಆಳು ಇಟ್ಟರೆ ದಿನಕ್ಕೆ 2 ವರಹ, ನೂರು ಆಳಿಟ್ಟರೆ 4 ವರಹ ಸರಕಾರಕ್ಕೆ ಕಟ್ಟಬೇಕು. ಕೊಂಡ ಮಾಲಿನ ಮೇಲೆ ನೂರಕ್ಕೆ ಎರಡು ಸುಂಕ. ಬಂಡೆ ಒಡೆಯುವ ಆಳಿಗೆ, ಎಷ್ಟೇ ನುರಿತವನಾಗಿರಲಿ, ವರ್ಷಕ್ಕೆ 3 ವರಹ ಸಂಬಳ. ಮರದ ಕೆಳಗಿನ ಹುಡುಗನ ಥೈಲಿಯಲ್ಲಿದ್ದ ಆರುನೂರು ವರಹವನ್ನು ಈ ಸಂಬಳದಿಂದ ಭಾಗಿಸಿದರೆ ಇನ್ನೂರು ವರ್ಷದ ದುಡಿಮೆಯಾಯಿತು. ಗಣಿ ತೆರೆದ ದಿನದಿಂದ ಒಬ್ಬನೇ ಆಳು ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟಿದ್ದರೂ ಆ ಒಂದು ಥೈಲಿ ತುಂಬುತ್ತಿತ್ತು, ಅಷ್ಟೆ.

ಹಾಗಾಗಿ ಕದಿಯುತ್ತಿದ್ದರು. ಮೈಮೇಲೆ ಒಂದು ತುಂಡುಬಟ್ಟೆ ಬಿಟ್ಟು ಏನೂ ಇಲ್ಲದವರು ಬಚ್ಚಿಡುವುದಾದರೂ ಎಲ್ಲಿ? ನುಂಗುತ್ತಿದ್ದರು. ಒಬ್ಬ ಒಂದು ಮಂಗೆಲಿನ್ ತೂಕದ ಹರಳನ್ನು ಕಣ್ಣಿನ ಮೂಲೆಯೊಳಗೆ ಸೇರಿಸಿಕೊಂಡು ಸಿಕ್ಕಿಬಿದ್ದದ್ದನ್ನು ಟ್ಯಾವರ್ನಿಯರ್ ದಾಖಲಿಸಿದ್ದಾನೆ. ಐವತ್ತು ಆಳಿಗೆ ಹನ್ನೆರಡರಿಂದ ಹದಿನೈದು ಕಾವಲುಗಾರರಿದ್ದರು. ಏಳೆಂಟು ಮಂಗೆಲಿನ್ ಮೀರಿದ ಕಲ್ಲನ್ನು ಪ್ರಾಮಾಣಿಕವಾಗಿ ತಂದೊಪ್ಪಿಸಿದರೆ ಬಹುಮಾನವೂ ಉಂಟು: ತಲೆಗೆ ಸುತ್ತಿಕೊಳ್ಳಲು ಒಂದು ವಸ್ತ್ರ, ಅರ್ಧವೋ ಒಂದೋ ವರಹ, ಅದಿಲ್ಲವಾದರೆ ಅಕ್ಕಿ ಮತ್ತು ಒಂದು ತಟ್ಟೆ ಸಕ್ಕರೆ. ಕಲ್ಲಿನ ಬೆಲೆ ಬಲ್ಲವನಿಗೆ ಈ ಸಕ್ಕರೆ ಹೇಗೆ ರುಚಿಸಿರಬೇಕೋ!

ವ್ಯಾಪಾರಿಗಳ ಗುಟ್ಟು ಇನ್ನೂ ನಯವಾದದ್ದು. ಮಾರುವವನೂ ಕೊಳ್ಳುವವನೂ ಎದುರುಬದುರು ಕೂತು, ಒಬ್ಬನ ಸೊಂಟದ ವಸ್ತ್ರ ಬಿಚ್ಚಿ ಕೈಗಳ ಮೇಲೆ ಹೊದಿಸಿಕೊಳ್ಳುತ್ತಿದ್ದರು. ಒಳಗೆ ಬೆರಳುಗಳ ಮಾತು. ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳು ಹಿಡಿದರೆ ನೂರು, ನಡುಗಿಣ್ಣಿನ ತನಕ ಹಿಡಿದರೆ ಐವತ್ತು, ತುದಿ ಮುಟ್ಟಿದರೆ ಹತ್ತು. ಸುತ್ತ ನಿಂತವರಿಗೆ ಇಬ್ಬರ ಮುಖ ಬಿಟ್ಟು ಬೇರೇನೂ ಕಾಣದು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನಡಿ ಎತ್ತಿನ ಬೆಲೆ ಕುದುರಿಸುವ ದಲ್ಲಾಳಿಗಳನ್ನು ಕಂಡವರಿಗೆ ಇದು ಹೊಸದಲ್ಲ. ಎತ್ತಿನ ಜಾಗದಲ್ಲಿ ಹರಳು.

ಒಂದು ಸಂಜೆ ಟ್ಯಾವರ್ನಿಯರನ ಬಿಡಾರಕ್ಕೆ ಮಾಸಿದ ಬಟ್ಟೆಯ ಬಡ ವ್ಯಾಪಾರಿಯೊಬ್ಬ ಬಂದ. ಸಣ್ಣ ಮಾಣಿಕ್ಯದ ಒಂದಿಷ್ಟು ಉಂಗುರ ತೋರಿಸಿದ. ಫ್ರೆಂಚನಿಗೆ ಅವು ಬೇಕಿರಲಿಲ್ಲ. ಬಂದವನ ಮನಸ್ಸು ನೋಯಬಾರದೆಂದು ಒಂದನ್ನು ಕೊಂಡ. ಜನ ಚದುರಿದ ಮೇಲೆ ಆ ಮನುಷ್ಯ ತಲೆವಸ್ತ್ರ ತೆಗೆದು, ಜುಟ್ಟಿನೊಳಗಿಂದ ಒಂದು ಬಟ್ಟೆಯ ಚೂರು ಬಿಡಿಸಿದ. ಒಳಗೆ ನಲವತ್ತೆಂಟೂವರೆ ಕ್ಯಾರೆಟ್‌ನ ಹರಳು, ಒಳ್ಳೆಯ ನೀರಿನದು. ಈಗ ನೋಡುತ್ತ ಕೂರಬೇಡಿ, ನಿಮ್ಮ ಬಳಿಯೇ ಇರಲಿ, ನಾಳೆ ಒಬ್ಬರೇ ಇರುವಾಗ ನೋಡಿ, ಬೇಕಿದ್ದರೆ ಹೊತ್ತೇರಿದ ಮೇಲೆ ಊರ ಹೊರಗೆ ಹಣದೊಂದಿಗೆ ಬನ್ನಿ ಎಂದು ಹೇಳಿ ಹೊರಟೇಹೋದ. ವ್ಯಾಪಾರ ಊರ ಹೊರಗೇ ಮುಗಿಯಿತು. ಅಪರಿಚಿತನ ಕೈಗೆ ಆಸ್ತಿಯಷ್ಟು ಬೆಲೆಯ ಕಲ್ಲು ಕೊಟ್ಟು ರಾತ್ರಿಯಿಡೀ ನಿದ್ದೆ ಮಾಡಬಲ್ಲ ಆ ವ್ಯಾಪಾರಿ ಈ ಕಥೆಯಲ್ಲೆಲ್ಲ ನನಗೆ ಅತ್ಯಂತ ಮೆಚ್ಚಿನವನು. ಅವನು ಹೆದರಿದ್ದು ಗಿರಾಕಿಗಲ್ಲ, ಸರಕಾರದ ಕಣ್ಣಿಗೆ.

ಕೊಲ್ಲೂರಿನ ಗಣಿಯ ರೀತಿಯೇ ಬೇರೆ. (ಮೂಕಾಂಬಿಕೆಯ ಕೊಲ್ಲೂರಲ್ಲ, ಪಲ್ನಾಡಿನಲ್ಲಿ ಕೃಷ್ಣೆಯ ಬಲದಂಡೆಯ ಊರು.) ರಾಗಿಯಂಥ ಧಾನ್ಯ ಬಿತ್ತಲು ನೆಲ ಕೆದಕುತ್ತಿದ್ದ ಬಡವನಿಗೆ 25 ಕ್ಯಾರೆಟ್‌ನ ಚೂಪುಗಲ್ಲು ಸಿಕ್ಕಿದ್ದರಿಂದ ಈ ಗಣಿ ಶುರುವಾಯಿತೆಂದು ಟ್ಯಾವರ್ನಿಯರ್ ಕೇಳಿದ್ದ. ಅವನಿಗಿಂತ ಇಪ್ಪತ್ತು ವರ್ಷ ಮೊದಲು ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯ ವಿಲಿಯಂ ಮೆಥ್ವೋಲ್ಡ್ ಕೇಳಿದ್ದು ಬೇರೆ ಕಥೆ: ಆಡು ಕಾಯುವವನು ಹೊಳೆಯುವ ಕಲ್ಲನ್ನು ಎಡವಿ ಎತ್ತಿಕೊಂಡ, ಒಂದಿಷ್ಟು ಅಕ್ಕಿಗೆ ಮಾರಿಬಿಟ್ಟ. ರೈತನಾಗಲಿ ಕುರುಬನಾಗಲಿ, ಕಂಡವನಿಗೆ ದಕ್ಕಲಿಲ್ಲ ಎಂಬಲ್ಲಿ ಎರಡೂ ಕಥೆ ಒಂದೇ. ಮೆಥ್ವೋಲ್ಡ್ ಬಂದಾಗ ಗಣಿಯನ್ನು ಅಕ್ಕಸಾಲಿ ಜಾತಿಯ ಒಬ್ಬನಿಗೆ ವರ್ಷಕ್ಕೆ 3,00,000 ವರಹಕ್ಕೆ ಗುತ್ತಿಗೆ ಕೊಡಲಾಗಿತ್ತು; 10 ಕ್ಯಾರೆಟ್ ಮೀರಿದ ಕಲ್ಲುಗಳು ಮಾತ್ರ ಸುಲ್ತಾನನವು. ವಿಜಯನಗರದ ಇಪ್ಪತ್ತು ಮೂವತ್ತು ಮಂಗೆಲಿನ್‌ಗೆ ಹೋಲಿಸಿದರೆ ಗೋಲ್ಕೊಂಡದ ಸುಲ್ತಾನ ಇನ್ನೂ ಬಿಗಿ.

ಅಲ್ಲಿ ಆಗ 30,000 ಜನ ಇದ್ದರೆಂದು ಮೆಥ್ವೋಲ್ಡ್ ಬರೆದರೆ, ಟ್ಯಾವರ್ನಿಯರ್ 60,000 ಎನ್ನುತ್ತಾನೆ. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಅಗೆತ ಶುರುವಾಗುವ ಮುನ್ನ ಒಂದು ಪೂಜೆ. ಬಯಲಿನಲ್ಲಿ ದೇವರ ಕಲ್ಲುಮೂರ್ತಿ ಇಟ್ಟು ಎಲ್ಲರೂ ಮೂರು ಸಲ ಅಡ್ಡಬೀಳುತ್ತಾರೆ. ಪೂಜಾರಿ ಒಬ್ಬೊಬ್ಬರ ಹಣೆಗೂ ಕೇಸರಿ ಮತ್ತು ಗೋಂದಿನ ತಿಲಕ ಇಟ್ಟು, ಅದರ ಮೇಲೆ ಏಳೆಂಟು ಅಕ್ಕಿಕಾಳು ಅಂಟಿಸುತ್ತಾನೆ. ಮೈ ತೊಳೆದುಕೊಂಡು, ಸಾಲಾಗಿ ಕೂತು ಗಣಿಯ ಯಜಮಾನ ಹಾಕಿಸಿದ ಊಟ ಉಂಡು ಕೆಲಸಕ್ಕೆ ಇಳಿಯುತ್ತಾರೆ. ಹತ್ತರಿಂದ ಹದಿನಾಲ್ಕು ಅಡಿ ಅಗೆದಾಗ ನೀರು ಬರುತ್ತದೆ. ಅಲ್ಲಿಗೆ ಗುಂಡಿ ಮುಗಿಯಿತು. ಅಗೆದ ಮಣ್ಣನ್ನು ಎರಡಡಿ ಗೋಡೆಯ ಕಟ್ಟೆಯೊಳಗೆ ಸುರಿದು, ಅದೇ ಗುಂಡಿಯ ನೀರನ್ನು ಕೊಡದಲ್ಲಿ ಎತ್ತಿ ಹಾಕಿ, ಎರಡು ದಿನ ನೆನೆಸಿ ರಾಡಿ ಮಾಡುತ್ತಾರೆ. ಗೋಡೆಯ ತೂತು ಬಿಚ್ಚಿದರೆ ಕೆಸರು ಹರಿದು ಮರಳು ಉಳಿಯುತ್ತದೆ. ಬಿಸಿಲಿಗೆ ಒಣಗಿಸಿ, ಕಾಳು ಕೇರಿದಂತೆ ಮೊರದಲ್ಲಿ ಕೇರುತ್ತಾರೆ. ಹೆಂಟೆಗಳನ್ನು ಮರದ ಒನಕೆಯಿಂದ ಕುಟ್ಟಿ ಮತ್ತೆ ಕೇರುತ್ತಾರೆ. ಕೊನೆಗೆ ಮರಳನ್ನು ಹರಡಿ, ಎಲ್ಲರೂ ಒಂದೇ ಬದಿಗೆ ಕುಕ್ಕರುಗಾಲಿನಲ್ಲಿ ಕೂತು ಕೈಯಿಂದ ಆರಿಸುತ್ತಾರೆ. ಯಂತ್ರವೆಂಬುದಿಲ್ಲ. ಹೊಲಕ್ಕೂ ಕಣಕ್ಕೂ ಬೇಕಾದ ಸಾಮಾನೇ ವಜ್ರಕ್ಕೂ ಸಾಕಾಗಿತ್ತು, ಆ ಕೈಗಳ ಪಳಗಿದ ಕೆಲಸವೂ.

ಈ ಗಣಿಗಳಿಂದ ನಿಜಕ್ಕೂ ದೊರೆಯಂತೆ ಮೆರೆದವನು ದೊರೆಯಲ್ಲ, ಮೀರ್ ಜುಮ್ಲಾ. ಪರ್ಷಿಯಾದಿಂದ ಬರಿಗೈಯಲ್ಲಿ ಬಂದು, ವಜ್ರದ ವ್ಯಾಪಾರದಲ್ಲಿ ದುಡ್ಡು ಮಾಡಿ, ಗೋಲ್ಕೊಂಡದ ಮಂತ್ರಿಯಾಗಿ, 1650ರಲ್ಲಿ ಗಂಡಿಕೋಟೆಯನ್ನು ಗೆದ್ದು ಕಡಪದ ಕಡೆಯ ಗಣಿಗಳಿಗೂ ಒಡೆಯನಾದ. 1652ರಲ್ಲಿ ಟ್ಯಾವರ್ನಿಯರ್ ಅವನನ್ನು ಗಂಡಿಕೋಟೆಯಲ್ಲಿ ಕಂಡಾಗ ಅವನು ಬರಿಗಾಲಲ್ಲಿ ಕೂತು ಕಾಗದಪತ್ರ ವಿಲೇವಾರಿ ಮಾಡುತ್ತಿದ್ದ. ಉತ್ತರ ಬರೆಸಬೇಕಾದ ಪತ್ರಗಳು ಕಾಲ್ಬೆರಳುಗಳ ಸಂದಿಯಲ್ಲೂ ಎಡಗೈ ಬೆರಳುಗಳ ಸಂದಿಯಲ್ಲೂ ಸಿಕ್ಕಿಸಿದ್ದವು. ಐದು ಚೀಲ ಹರಳು ತರಿಸಿ ತೋರಿಸಿದ. ಹೆಚ್ಚಿನವು ಕಪ್ಪು ನೀರಿನ ಪುಟ್ಟ ಚೂರುಗಳು. ಒಳ್ಳೆಯ ಮಾಲು ತೋರಿಸಿರಲಿಕ್ಕಿಲ್ಲ ಎಂಬುದು ನನ್ನ ಊಹೆ, ಏಕೆಂದರೆ ಸುಲ್ತಾನನೊಂದಿಗೆ ಕೆಟ್ಟು 1656ರಲ್ಲಿ ಮೊಗಲರ ಕಡೆ ಹೋದಾಗ ಅವನು ಕಾಣಿಕೆಯಾಗಿ ಕೊಟ್ಟದ್ದು ಕೊಲ್ಲೂರಿನ ಮಹಾವಜ್ರ. ವೆನಿಸ್ಸಿನ ಬೋರ್ಜಿಯೊ ಎಂಬಾತ ಅದನ್ನು ಸಾಣೆ ಹಿಡಿದು ಎಷ್ಟು ಸವೆಸಿದನೆಂದರೆ ಅವನಿಗೆ ಕೂಲಿಯ ಬದಲು 10,000 ರೂಪಾಯಿ ದಂಡ ಬಿತ್ತು. 1665ರ ನವೆಂಬರ್ 2ರಂದು ಔರಂಗಜೇಬನ ಆಸ್ಥಾನದಲ್ಲಿ ಟ್ಯಾವರ್ನಿಯರ್ ಅದನ್ನು ಕೈಯಲ್ಲಿ ಹಿಡಿದು ನೋಡಿದ. ಮೊಟ್ಟೆಯನ್ನು ಅರ್ಧಕ್ಕೆ ಕತ್ತರಿಸಿದ ಆಕಾರ, ಸುಮಾರು 280 ಕ್ಯಾರೆಟ್.

ಟ್ಯಾವರ್ನಿಯರ್ ತನ್ನ ಕೊನೆಯ ಭಾರತ ಪ್ರವಾಸ ಮುಗಿಸಿ 1668ರಲ್ಲಿ ಊರಿಗೆ ಮರಳುವಾಗ ನೀಲಿ ವಜ್ರವೊಂದನ್ನು ಒಯ್ದು ಹದಿನಾಲ್ಕನೆಯ ಲೂಯಿಗೆ ಮಾರಿದ. ಅದು ಕೊಲ್ಲೂರಿನದೆಂಬುದು ಬಲವಾದ ನಂಬಿಕೆ. 1673ರಲ್ಲಿ ಅದನ್ನು ಮತ್ತೆ ಕೊರೆಸಲಾಯಿತು. 1792ರಲ್ಲಿ, ಕ್ರಾಂತಿಯ ಗಲಾಟೆಯ ನಡುವೆ ಕಳುವಾಯಿತು. ಅದರಿಂದ ಕೊರೆದದ್ದೇ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿರುವ 45.52 ಕ್ಯಾರೆಟ್‌ನ ‘ಹೋಪ್’ ವಜ್ರ. ಅದರ ಶಾಪದ ಕಥೆಗಳನ್ನು ನಂಬುವವರು ನಂಬಲಿ; ಶಾಪ ಹಾಕುವ ಹಕ್ಕು ಯಾರಿಗಾದರೂ ಇದ್ದರೆ ಮೂರು ವರಹದ ಆಳಿಗೆ ಇತ್ತು. ಕೊಹಿನೂರಿನ ತಂಟೆಗೆ ನಾನು ಹೋಗುವುದಿಲ್ಲ. ಅದು ಯಾವ ಗಣಿಯ ಕಲ್ಲು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ದಾಖಲೆ ಚೆನ್ನಾಗಿ ಉಳಿದಿರುವುದು ಪಿಟ್ ವಜ್ರಕ್ಕೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಥಾಮಸ್ ಪಿಟ್ ಬಳಿಗೆ 1701ರ ಕೊನೆಗೆ ಜಮ್‌ಚಂದ್ ಎಂಬ ದೊಡ್ಡ ವ್ಯಾಪಾರಿ 410 ಕ್ಯಾರೆಟ್‌ನ ಒರಟು ಕಲ್ಲು ತಂದ. ಕೇಳಿದ್ದು 2,00,000 ವರಹ. ತಿಂಗಳುಗಟ್ಟಲೆ ಚೌಕಾಸಿ ನಡೆದು 48,000 ವರಹಕ್ಕೆ ಕುದುರಿತು. ಲಂಡನ್ನಿನಲ್ಲಿ ಕೊರೆದಾಗ 140 ಕ್ಯಾರೆಟ್ ಚಿಲ್ಲರೆ ಉಳಿಯಿತು. 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿ 1,35,000 ಪೌಂಡಿಗೆ ಕೊಂಡ. ಈಗ ‘ರೀಜೆಂಟ್’ ಎಂಬ ಹೆಸರಿನಲ್ಲಿ ಲೂವ್ರ್ ಸಂಗ್ರಹಾಲಯದಲ್ಲಿದೆ. ಗಣಿಯ ಆಳೊಬ್ಬ ಕಾಲಿಗೆ ಗಾಯ ಮಾಡಿಕೊಂಡು, ಕಟ್ಟಿದ ಬಟ್ಟೆಯೊಳಗೆ ಈ ಕಲ್ಲನ್ನು ಬಚ್ಚಿಟ್ಟು ಓಡಿಬಂದ, ಹಡಗಿನವನು ಅವನನ್ನು ಕೊಂದು ಕಲ್ಲು ಕಸಿದ ಎಂಬ ಕಥೆ ಲಂಡನ್ನಿನಲ್ಲಿ ಹರಡಿತ್ತು. ಪಿಟ್ ತಾನು ನ್ಯಾಯವಾಗಿ ಕೊಂಡೆನೆಂದು 1710ರಲ್ಲಿ ಹೇಳಿಕೆಯನ್ನೇ ಬರೆದಿಟ್ಟ. ಕಥೆಗೆ ಪುರಾವೆಯಿಲ್ಲ. ಆದರೆ ನುಂಗುವ, ಕಣ್ಣಿಗೆ ತುರುಕಿಕೊಳ್ಳುವ ಗಣಿಯಿಂದ ಬಂದ ಕಥೆಯಾದ್ದರಿಂದ ಜನ ನಂಬಿದರು.

ಅಷ್ಟರಲ್ಲಿ ಒಡೆಯರೇ ಉಳಿದಿರಲಿಲ್ಲ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಔರಂಗಜೇಬನಿಗೆ ಬಿದ್ದವು. 1720ರ ದಶಕದಲ್ಲಿ ಬ್ರೆಜಿಲ್‌ನ ಕಲ್ಲು ಪೇಟೆಗೆ ಬಂದಾಗ ಯುರೋಪಿನ ವರ್ತಕರು ಅದು ಭಾರತದ ಕಸ ಎಂದು ಸುದ್ದಿ ಹಬ್ಬಿಸಿದರು. ಪೋರ್ಚುಗೀಸರು ಆ ಕಲ್ಲನ್ನು ಗೋವೆಗೆ ತಂದು, ಭಾರತದ ಮಾಲೆಂದು ಮಾರಿದರು. ಆ ಮೋಸವೂ ಹೆಚ್ಚು ಕಾಲ ಬೇಕಾಗಲಿಲ್ಲ. ಬ್ರೆಜಿಲ್‌ನ ಕಲ್ಲು ಬ್ರೆಜಿಲ್‌ನ ಹೆಸರಲ್ಲೇ ಓಡತೊಡಗಿತು. ಟಿಪ್ಪುವಿನ ಪತನದ ಬಳಿಕ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇಯ್ನ್ ಈ ಗಣಿಗಳನ್ನೂ ಸುತ್ತಿ ಬಂದು ಬರೆದಿದ್ದಾನೆ. ಆ ವೇಳೆಗೆ ಅಲ್ಲಲ್ಲಿ ಸಣ್ಣ ಗುಂಡಿಗಳಲ್ಲಿ ಬಡವರು ಹಳೆಯ ಮಣ್ಣನ್ನೇ ಮತ್ತೆ ಜಾಲಿಸುತ್ತಿದ್ದ ಕಾಲ. 1867ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕ ಮೇಲೆ ಕಥೆ ಮುಗಿಯಿತು. ಇಂದು ಭಾರತದಲ್ಲಿ ಯಂತ್ರ ಹೂಡಿ ಅಗೆಯುವ ವಜ್ರದ ಗಣಿ ಇರುವುದು ದಕ್ಷಿಣದಲ್ಲಲ್ಲ, ಮಧ್ಯಪ್ರದೇಶದ ಪನ್ನಾದಲ್ಲಿ.

ಮುಗಿಯುವ ಮುನ್ನ ಬಳ್ಳಾರಿಗೂ ಒಂದು ಪಾಲು. 1881ರಲ್ಲಿ ವಜ್ರಕರೂರಿನಲ್ಲಿ 67 ಕ್ಯಾರೆಟ್ ದಾಟಿದ ಹರಳು ಸಿಕ್ಕಿತು. ಮದರಾಸಿನ ಓರ್ ಕಂಪನಿಯವರು ಅದನ್ನು ಕೊರೆಸಿ 24 ಕ್ಯಾರೆಟ್‌ನ ಆಭರಣದ ಕಲ್ಲು ಮಾಡಿದರು. ವಜ್ರಕರೂರು ಇದ್ದ ಗುತ್ತಿ ಸೀಮೆ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅನಂತಪುರ ಬೇರೆ ಜಿಲ್ಲೆಯಾದದ್ದು ಮರುವರ್ಷ, 1882ರಲ್ಲಿ.

ಕೊಲ್ಲೂರಿನ ಗಣಿ ಈಗ ಪುಲಿಚಿಂತಲ ಜಲಾಶಯದ ಹಿನ್ನೀರಿನ ಕೆಳಗಿದೆ. ಹರಾಜಿನ ಮನೆಗಳು ಮಾತ್ರ ಸಾರಜನಕದ ಸೋಂಕಿಲ್ಲದ, ನೀರಿನಷ್ಟು ತಿಳಿಯಾದ ವಜ್ರವನ್ನು ಇಂದಿಗೂ ‘ಗೋಲ್ಕೊಂಡ’ ಎಂದು ಕರೆದು ಹೆಚ್ಚಿನ ಬೆಲೆ ಹೇಳುತ್ತವೆ. ಅಂಥ ಕಲ್ಲು ಜಗತ್ತಿನ ವಜ್ರಗಳಲ್ಲಿ ನೂರಕ್ಕೆ ಎರಡೂ ಇಲ್ಲ.

ಜೂನ್ ಬಂದು ಮೊದಲ ಮಳೆ ಬಿತ್ತೆಂದರೆ ಜೊನ್ನಗಿರಿ, ತುಗ್ಗಲಿ, ಮದ್ದಿಕೆರ, ವಜ್ರಕರೂರಿನ ಕೆಂಪು ಹೊಲಗಳಿಗೆ ಇಂದಿಗೂ ಜನ ನುಗ್ಗುತ್ತಾರೆ. ಕರ್ನೂಲು, ಅನಂತಪುರದವರಷ್ಟೇ ಅಲ್ಲ, ನಮ್ಮ ಬಳ್ಳಾರಿ, ರಾಯಚೂರಿನವರೂ ಬುತ್ತಿ ಕಟ್ಟಿಕೊಂಡು ಹೋಗಿ ಮರದಡಿ, ಶಾಲೆಯ ಜಗುಲಿಯಲ್ಲಿ ಮಲಗಿ ಹುಡುಕುತ್ತಾರೆ. ಹರಳು ಸಿಕ್ಕರೆ ಸುದ್ದಿ ಮೊದಲು ಮುಟ್ಟುವುದು ಸ್ಥಳೀಯ ವ್ಯಾಪಾರಿಗೆ. ಅವನು ಗುಟ್ಟಾಗಿ ಹೇಳಿದ್ದೇ ಬೆಲೆ. ರಸೀದಿಯಿಲ್ಲ, ತೂಕದ ಚೀಟಿಯಿಲ್ಲ. ದೊರೆ ಹೋದ ಮೇಲೂ ಕಂಡವನ ಕೈಗೆ ಕಲ್ಲಿನ ನಿಜ ಬೆಲೆ ಬರುವ ದಾರಿಯನ್ನು ಯಾರೂ ಮಾಡಿಕೊಟ್ಟಿಲ್ಲ. ಸರಕಾರ ಮನಸ್ಸು ಮಾಡಿದರೆ ಆ ಊರುಗಳಲ್ಲಿ ಮಳೆಗಾಲದ ಎರಡು ತಿಂಗಳು ಬಹಿರಂಗವಾಗಿ ತೂಗಿ, ಬೆಲೆ ಕಟ್ಟಿ ಕೊಳ್ಳುವ ಕಟ್ಟೆಯೊಂದನ್ನು ತೆರೆಯುವುದು ಕಷ್ಟವೇನಲ್ಲ. ಅಲ್ಲಿಯ ತನಕ ಅದೃಷ್ಟ ನೋಡಲು ಹೋಗುವವರಲ್ಲಿ ಒಂದು ಮಾತು: ಅದು ಶೇಂಗಾ ಬಿತ್ತುವ ಕಾಲವೂ ಹೌದು. ಹೊಲದವರನ್ನು ಕೇಳದೆ ಒಳಗೆ ಕಾಲಿಡಬೇಡಿ, ಬಿತ್ತಿದ ಸಾಲನ್ನು ತುಳಿಯಬೇಡಿ.